ಹಳೆಯ ಜೆಟ್ ಸ್ಕೀ: ಡ್ರೈವ್‌ಶಾಫ್ಟ್ ಸೀಲ್ ಮತ್ತು ಎಂಜಿನ್ ಅಲೈನ್‌ಮೆಂಟ್ ಪರೀಕ್ಷಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಹಲ್ (ಜೆಟ್ ಸ್ಕೀಯ ದೋಣಿಯಂಥ ಮೈ) ಒಳಗೆ ನೀರು ಸೇರುತ್ತಿದೆ ಅಂತ ಡ್ರೈವ್‌ಶಾಫ್ಟ್ ಸೀಲ್ ಬದಲಿಸುತ್ತಾರೆ. ಡ್ರೈವ್‌ಶಾಫ್ಟ್ ಅಂದರೆ ಎಂಜಿನ್‌ನ ಶಕ್ತಿಯನ್ನು ಹಿಂದಿನ ನೀರಿನ ಪಂಪಿಗೆ ಒಯ್ಯುವ ದಂಡ. ಕೆಲವು ವಾರ ಎಲ್ಲ ಸರಿ ಇರುತ್ತದೆ. ಆಮೇಲೆ ಮತ್ತೆ ನೀರು, ಮತ್ತೊಂದು ಸೀಲ್. ಹಳೆಯ ಜೆಟ್ ಸ್ಕೀ ಇಟ್ಟುಕೊಂಡವರಿಗೆ ಇದು ಹೊಸ ಕಥೆಯೇನಲ್ಲ. ಸೀಲ್ ಕಳಪೆ ಎಂದು ದೂರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಎಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿ ಇವೆಯೇ? ಇಲ್ಲದಿದ್ದರೆ ಎಂಥ ಒಳ್ಳೆಯ ಸೀಲ್ ಹಾಕಿದರೂ ಅದು ಬಾಳುವುದಿಲ್ಲ.

ಕಾರಣ ಸರಳ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಶಾಫ್ಟ್ ಸೆಕೆಂಡಿಗೆ 100 ಸಲ ತಿರುಗುತ್ತದೆ. ಶಾಫ್ಟ್ 25 ಮಿ.ಮೀ. ದಪ್ಪ ಇದ್ದರೆ ಅದರ ಮೈ ಸೀಲ್‌ನ ಲಿಪ್ (ಶಾಫ್ಟಿಗೆ ಒತ್ತಿಕೊಂಡಿರುವ ರಬ್ಬರ್ ಅಂಚು) ಮೇಲೆ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಜಾರುತ್ತದೆ. ಎಂಜಿನ್ ಸ್ವಲ್ಪ ಕುಸಿದಿದ್ದರೆ ಕಪ್ಲರ್ (ಎಂಜಿನ್ ಮತ್ತು ಶಾಫ್ಟನ್ನು ಸೇರಿಸುವ ಜೋಡಣೆ) ಪ್ರತಿ ಸುತ್ತಿನಲ್ಲೂ ಶಾಫ್ಟನ್ನು ಒಂದು ಕಡೆಗೆ ಒತ್ತುತ್ತದೆ. ಆ ಒತ್ತಡವನ್ನು ಮೊದಲು ಬೇರಿಂಗ್ ಹೊರುತ್ತದೆ. ಬೇರಿಂಗ್ ಸವೆದ ಮೇಲೆ ಶಾಫ್ಟ್ ಅಲುಗಲು ಶುರುವಾಗುತ್ತದೆ. ಕೊನೆಗೆ ಲಿಪ್ ಹರಿಯುತ್ತದೆ. ಅಂದರೆ ನೀರು ಒಳಗೆ ಬರುವ ಹೊತ್ತಿಗೆ ತೊಂದರೆ ಹಳೆಯದಾಗಿರುತ್ತದೆ.

ಇನ್ನೂ ದೊಡ್ಡ ಅಪಾಯ ಎಂಜಿನ್ ಒಳಗಿದೆ. ಅದೇ ಒತ್ತಡ ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಸೀಲ್ ಮೇಲೂ ಬೀಳುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಆ ಸೀಲ್ ಸೋರಿದರೆ ಹೊರಗಿನ ಗಾಳಿ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್‌ಶಾಫ್ಟ್ ಇರುವ ಕೋಣೆ) ಒಳಗೆ ನುಗ್ಗುತ್ತದೆ. ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಸಿಲಿಂಡರ್‌ಗೆ ಹಿಡಿದುಕೊಳ್ಳುತ್ತದೆ. ಚಿಕ್ಕ ಸೀಲ್ ಕೆಲಸ ಪೂರ್ತಿ ಎಂಜಿನ್ ಕೆಲಸ ಆಗುವುದು ಹೀಗೆ.

ಇಲ್ಲಿ ಹೇಳುವ ಕ್ರಮ ಮುಖ್ಯವಾಗಿ 1990ರ ದಶಕದ ಯಮಹಾ ಮತ್ತು ಕವಾಸಕಿ ಎರಡು ಸ್ಟ್ರೋಕ್ ಯಂತ್ರಗಳಿಗೆ. 1990ರಲ್ಲಿ 650 ಸಿಸಿ ಎಂಜಿನ್ ಜೊತೆ ಬಂದು 1994ರಲ್ಲಿ 701 ಸಿಸಿ ಎಂಜಿನ್ ಪಡೆದ ಯಮಹಾ ಸೂಪರ್‌ಜೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಸೀ-ಡೂ ಯಂತ್ರಗಳ ಜೋಡಣೆ ಬೇರೆ ಥರ. ಅದನ್ನು ಕೊನೆಯ ಕಡೆಗೆ ಹೇಳಿದ್ದೇನೆ.

ನಮ್ಮ ಮಲ್ಪೆ, ಪಣಂಬೂರು, ಮುರುಡೇಶ್ವರದ ಕಡೆ ಮಳೆಗಾಲದಲ್ಲಿ ಜೆಟ್ ಸ್ಕೀ ಕಡಲಿಗೆ ಇಳಿಯುವುದಿಲ್ಲ. ಈ ಕೆಲಸಕ್ಕೆ ಅದೇ ಸರಿಯಾದ ಸಮಯ. ಹಿಮ ಬೀಳುವ ದೇಶಗಳಲ್ಲಿ ಇರುವವರಿಗೆ ಚಳಿಗಾಲ. ಹೇಗಿದ್ದರೂ ಅವಸರದಲ್ಲಿ ಮಾಡಬೇಡಿ. ಅಳತೆ ತೆಗೆಯುವ ಕೆಲಸಕ್ಕೆ ತಾಳ್ಮೆ ಬೇಕು.

ಶಾಫ್ಟ್ ಸಾಲನ್ನು ಮೊದಲು ಅರ್ಥ ಮಾಡಿಕೊಳ್ಳಿ

ಎಂಜಿನ್‌ನಿಂದ ಹಿಂದಕ್ಕೆ ನೋಡುತ್ತಾ ಹೋಗೋಣ. ಕ್ರ್ಯಾಂಕ್‌ಶಾಫ್ಟ್‌ನ ತುದಿಯಲ್ಲಿ ಒಂದು ಕಪ್ಲರ್. ಅದರ ಎದುರಿಗೆ ಶಾಫ್ಟ್ ಕಡೆಯ ಇನ್ನೊಂದು ಕಪ್ಲರ್. ಎರಡರ ನಡುವೆ ನಡುಕ ಹೀರುವ ರಬ್ಬರ್ ಡ್ಯಾಂಪರ್. ಅದರ ಹಿಂದೆ ಬಲ್ಕ್‌ಹೆಡ್ ಎಂಬ, ಹಲ್ ಒಳಗಿನ ಅಡ್ಡಗೋಡೆಗೆ ಬೋಲ್ಟ್ ಮಾಡಿದ ಬೇರಿಂಗ್ ಹೌಸಿಂಗ್. ಬೇರಿಂಗ್ ಮತ್ತು ಸೀಲ್‌ಗಳು ಇರುವುದು ಈ ಹೌಸಿಂಗ್ ಒಳಗೆ. ಅಲ್ಲಿಂದ ಶಾಫ್ಟ್ ಹಲ್ ದಾಟಿ ಪಂಪಿಗೆ ಹೋಗಿ, ನೀರು ತಳ್ಳುವ ರೆಕ್ಕೆಗಳಿರುವ ಇಂಪೆಲ್ಲರ್‌ನ ಸ್ಪ್ಲೈನ್ (ಹಲ್ಲು-ತೋಡುಗಳ ಜೋಡಣೆ) ಒಳಗೆ ಕೂರುತ್ತದೆ.

ಇದರಲ್ಲಿ ಪಂಪ್ ಇರುವ ಜಾಗ ಹಲ್‌ಗೆ ಕಟ್ಟಿಹಾಕಿದಂತೆ. ಅದನ್ನು ಆಚೀಚೆ ಸರಿಸಲು ಹೆಚ್ಚು ಅವಕಾಶ ಇಲ್ಲ. ಹಾಗಾಗಿ ಅಳತೆಗೆ ಆಧಾರ ಪಂಪ್. ಪಂಪಿಗೆ ಶಾಫ್ಟ್ ಹೊಂದಬೇಕು, ಶಾಫ್ಟಿಗೆ ಹೌಸಿಂಗ್ ಹೊಂದಬೇಕು, ಹೌಸಿಂಗಿಗೆ ಎಂಜಿನ್ ಹೊಂದಬೇಕು. ತುಂಬಾ ಜನ ಎಂಜಿನ್ ಸರಿ ಇದೆ ಅಂತ ತಿಳಿದು ಅಲ್ಲಿಂದ ಹಿಂದಕ್ಕೆ ಹೋಗುತ್ತಾರೆ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ವರ್ಷಗಳು ಕಳೆದಂತೆ ಮೊದಲು ಜಾಗ ಬಿಡುವುದು ಅದೇ ಅಲ್ವಾ?

ನೀರು ನಿಜವಾಗಿ ಎಲ್ಲಿಂದ ಬರುತ್ತಿದೆ?

ಸೀಲ್ ಮೇಲೆ ಅನುಮಾನ ಪಡುವ ಮೊದಲು ಬೇರೆ ದಾರಿಗಳನ್ನು ನೋಡಿ. ಡ್ರೈನ್ ಪ್ಲಗ್‌ನ ವಾಷರ್, ಎಕ್ಸಾಸ್ಟ್ ಹೋಸ್, ಕೂಲಿಂಗ್ ಹೋಸ್‌ನ ಕ್ಲ್ಯಾಂಪ್, ಸ್ಟಿಯರಿಂಗ್ ಕೇಬಲ್ ಹಲ್ ದಾಟುವ ಜಾಗ, ಎಂಜಿನ್ ಮುಚ್ಚಳದ ಸೀಲ್, ಇವೆಲ್ಲದರಿಂದಲೂ ನೀರು ಬರಬಹುದು.

ಸುಲಭವಾದ ಪರೀಕ್ಷೆ ಹೀಗಿದೆ. ಹಲ್ ಒಳಗೆ ಪೂರ್ತಿ ಒರೆಸಿ ಒಣಗಿಸಿ. ಯಂತ್ರವನ್ನು ಟ್ರೇಲರ್ ಸಮೇತ ನೀರಿಗೆ ಇಳಿಸಿ, ಎಂಜಿನ್ ಚಾಲೂ ಮಾಡದೆ ಹತ್ತು ನಿಮಿಷ ಬಿಡಿ. ಟಾರ್ಚ್ ಹಾಕಿ ಹೌಸಿಂಗ್ ಸುತ್ತ ನೋಡಿ. ನಿಂತಾಗಲೇ ಹೌಸಿಂಗ್‌ನಿಂದ ಹನಿ ಬಿದ್ದರೆ ಸೀಲ್ ಅಥವಾ ಹೌಸಿಂಗ್ ಮತ್ತು ಗೋಡೆ ಸೇರುವ ಜಾಗ ಸೋರುತ್ತಿದೆ. ನಿಂತಾಗ ಒಣಗಿದ್ದು, ಓಡಿಸಿದಾಗ ಮಾತ್ರ ನೀರು ಬಂದರೆ ಎರಡು ಸಾಧ್ಯತೆ ಇದೆ: ಕೂಲಿಂಗ್ ಹೋಸ್ ಸೋರುತ್ತಿರಬಹುದು, ಇಲ್ಲವೇ ಶಾಫ್ಟ್ ತಿರುಗುವಾಗ ಅಲುಗಿ ಸೀಲ್ ಬಾಯಿ ಬಿಡುತ್ತಿರಬಹುದು. ಎರಡನೆಯದು ಅಲೈನ್‌ಮೆಂಟ್ ಕೆಟ್ಟಿರುವ ಸೂಚನೆ.

ನೆಲದ ಮೇಲೆಯೇ ನೋಡಬೇಕಾದರೆ ಹಲ್ ಒಳಗೆ ಶಾಫ್ಟ್ ಎತ್ತರಕ್ಕೆ ನೀರು ತುಂಬಿ, ಹೊರಗೆ ಎಲ್ಲಿ ಹನಿಯುತ್ತದೆ ಅಂತ ನೋಡುವ ವಿಧಾನವೂ ಇದೆ. ಬ್ಯಾಟರಿ ತೆಗೆದಿಡಿ. ಸ್ಟಾರ್ಟರ್ ಮೋಟರ್ ಕೆಳಗೇ ಇರುತ್ತದೆ, ನೀರು ಅಲ್ಲಿಗೆ ಮುಟ್ಟಬಾರದು. ಸೀಲ್‌ನ ಸ್ಪ್ರಿಂಗ್ ಇರುವ ಕಡೆ ಹೊರಗಿನ ನೀರನ್ನು ತಡೆಯುವುದಕ್ಕೆ ಇರುವುದು. ಒಳಗಿನಿಂದ ಹೊರಕ್ಕೆ ಸ್ವಲ್ಪ ಒಸರಿದರೆ ಅದು ದೊಡ್ಡ ಪುರಾವೆಯಲ್ಲ. ಧಾರಾಕಾರ ಸೋರಿದರೆ, ಅಥವಾ ಗೋಡೆಯ ಬಿರುಕಿನಿಂದ ಬಂದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ.

ಕೈ ಹಾಕುವ ಮೊದಲು

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಎಂಜಿನ್ ಮುಚ್ಚಳ ತೆಗೆದು ಹಲ್ ಒಳಗಿನ ಪೆಟ್ರೋಲ್ ಆವಿ ಪೂರ್ತಿ ಹೋಗುವವರೆಗೆ ಕಾಯಿರಿ. ಸ್ಪಾರ್ಕ್ ಪ್ಲಗ್ ಎರಡನ್ನೂ ಬಿಚ್ಚಿಡಿ. ಅಪಾಯ ತಪ್ಪುತ್ತದೆ, ಎಂಜಿನ್ ಕೈಯಲ್ಲಿ ಸುಲಭವಾಗಿ ತಿರುಗುತ್ತದೆ. ಪ್ಲಗ್ ರಂಧ್ರಕ್ಕೆ ಶುದ್ಧ ಬಟ್ಟೆ ಮುಚ್ಚಿ.

ಬೇಕಾದ ಸಾಮಾನು ಹೆಚ್ಚೇನೂ ಇಲ್ಲ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), ವರ್ನಿಯರ್ ಕ್ಯಾಲಿಪರ್, ಅಂಚು ನೆಟ್ಟಗಿರುವ ಒಂದು ಗಟ್ಟಿ ಉಕ್ಕಿನ ಪಟ್ಟಿ, ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಲದಲ್ಲಿ ಬಿಗಿಯುತ್ತಿದೆ ಎಂದು ತೋರಿಸುವ ಸ್ಪ್ಯಾನರ್), ಮರದ ಗೂಟ, ಮಾರ್ಕರ್, ಟಾರ್ಚ್, ಬರೆದುಕೊಳ್ಳಲು ಒಂದು ಹಾಳೆ. ಕಾಂತದ ಬುಡ ಇರುವ ಡಯಲ್ ಗೇಜ್ ಸಿಕ್ಕಿದರೆ ಒಳ್ಳೆಯದು. ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನ್ಯುಯಲ್ ಖಂಡಿತ ಇಟ್ಟುಕೊಳ್ಳಿ. ಟಾರ್ಕ್ ಮತ್ತು ಕಪ್ಲರ್ ಗ್ಯಾಪ್ ಅಳತೆಗಳು ಒಂದೊಂದು ಮಾಡೆಲ್‌ಗೆ ಒಂದೊಂದು ಥರ ಇರುತ್ತವೆ.

ಹಲ್ ಎರಡೂ ಕಡೆ ಸಮವಾಗಿ ಕೂತಿರಲಿ. ಒಂದು ಮೂಲೆಯಲ್ಲಿ ಜಾಕ್ ಕೊಟ್ಟು ಎತ್ತಿ, ಅಥವಾ ಬೆಲ್ಟ್ ಹಾಕಿ ಬಿಗಿದು ಅಳತೆ ತೆಗೆಯಬೇಡಿ.

ಬಿಚ್ಚುವ ಮೊದಲೇ ಸಿಗುವ ಕುರುಹುಗಳು

ಕಪ್ಲರ್ ಕೆಳಗೆ ಹಲ್ ಮೇಲೆ ಬೆರಳು ಸವರಿ. ಕಪ್ಪು ರಬ್ಬರ್ ಪುಡಿ ಅಂಟಿದರೆ ಡ್ಯಾಂಪರ್ ಉಜ್ಜಿ ಸವೆಯುತ್ತಿದೆ. ಅಲೈನ್‌ಮೆಂಟ್ ಕೆಟ್ಟಿರುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಹೌಸಿಂಗ್ ಎದುರಿನ ಗೋಡೆಗೆ ಗ್ರೀಸ್ ಎರಚಿದ್ದರೆ ಮುಂದಿನ ಸೀಲ್ ಹೋಗಿದೆ. ಗ್ರೀಸ್ ಬೆಳ್ಳಗೆ, ಹಾಲು ಬೆರೆಸಿದಂತೆ ಕಂಡರೆ ಹಿಂದಿನ ಸೀಲ್ ದಾಟಿ ನೀರು ಬೇರಿಂಗ್‌ವರೆಗೆ ಬಂದಿದೆ. ತುಕ್ಕಿನ ಬಣ್ಣ ಇದ್ದರೆ ಬೇರಿಂಗ್ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ವಿಷಯ ನಮ್ಮ ಕಡಲ ತೀರದಲ್ಲಿ ಮರೆಯಬಾರದು. ಪಂಪಿನ ಬಾಯಿಯಿಂದ ಟಾರ್ಚ್ ಹಾಕಿ ಶಾಫ್ಟ್ ನೋಡಿ. ಗಾಳದ ದಾರ, ಬಲೆಯ ನೂಲು, ಪ್ಲಾಸ್ಟಿಕ್ ಚೀಲದ ಎಳೆ ಶಾಫ್ಟಿಗೆ ಸುತ್ತಿಕೊಂಡು ಸೀಲ್‌ವರೆಗೆ ಹೋಗಿ ಲಿಪ್ಪನ್ನು ಕೊಯ್ದಿರುತ್ತದೆ. ಹಾಗಿದ್ದರೆ ಅಲೈನ್‌ಮೆಂಟ್ ಚೆನ್ನಾಗಿರಲೂಬಹುದು. ಆದರೂ ಅಳತೆ ಬಿಡಬೇಡಿ. ಇಷ್ಟು ಬಿಚ್ಚಿದ ಮೇಲೆ ಅಳೆಯುವುದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ.

ಎಂಜಿನ್ ಮೌಂಟ್

ಅಳತೆ ಶುರು ಮಾಡುವ ಮೊದಲು ಮೌಂಟ್, ಅಂದರೆ ಎಂಜಿನ್ ಕೂತಿರುವ ರಬ್ಬರ್ ಆಧಾರಗಳನ್ನು ಪರೀಕ್ಷಿಸಿ. ಮೌಂಟ್ ಹಾಳಾಗಿದ್ದರೆ ಅಳತೆಗೆ ಅರ್ಥವೇ ಇಲ್ಲ. ಎಂಜಿನ್‌ನ ಒಂದೊಂದು ಮೂಲೆಗೂ ಮರದ ಗೂಟ ಕೊಟ್ಟು ನಿಧಾನವಾಗಿ ಮೇಲಕ್ಕೆ ಎತ್ತಿ. ರಬ್ಬರ್ ಮತ್ತು ಲೋಹದ ಪಟ್ಟಿಯ ನಡುವೆ ಬಿರುಕು ತೆರೆದುಕೊಂಡರೆ ಆ ಮೌಂಟ್ ಮುಗಿದಂತೆ. ಎಡ ಬಲ ಮೌಂಟ್‌ಗಳ ರಬ್ಬರ್ ಎತ್ತರವನ್ನು ವರ್ನಿಯರ್‌ನಲ್ಲಿ ಅಳೆದು ಹೋಲಿಸಿ. ಪೆಟ್ರೋಲ್, ಆಯಿಲ್ ಬಿದ್ದು ನೆನೆದ ರಬ್ಬರ್ ಉಬ್ಬಿ ಮೆತ್ತಗಾಗಿರುತ್ತದೆ. ಉಗುರು ಒತ್ತಿದರೆ ಗೊತ್ತಾಗುತ್ತದೆ.

ಒಂದೇ ಒಂದು ಹಾಳಾಗಿದ್ದರೂ ನಾಲ್ಕನ್ನೂ ಒಟ್ಟಿಗೆ ಬದಲಿಸಿ ಎನ್ನುವುದು ನನ್ನ ಖಚಿತ ಸಲಹೆ. ಹೊಸ ರಬ್ಬರ್ ಜೊತೆ ಹಳೆಯ ರಬ್ಬರ್ ಸೇರಿಸಿದರೆ ಎರಡೂ ಒಂದೇ ಪ್ರಮಾಣದಲ್ಲಿ ತಗ್ಗುವುದಿಲ್ಲ. ಇಂದು ಸರಿ ಮಾಡಿದ ಅಲೈನ್‌ಮೆಂಟ್ ಬೇಗ ತಪ್ಪುತ್ತದೆ.

ಮೌಂಟ್ ಬೋಲ್ಟ್ ಹಿಡಿಯುವ, ಹಲ್ ಒಳಗೆ ಕೂರಿಸಿದ ಲೋಹದ ಇನ್ಸರ್ಟ್‌ಗಳನ್ನೂ ನೋಡಿ. ಬೋಲ್ಟ್ ತಿರುಗಿಸಿದಾಗ ಇನ್ಸರ್ಟೇ ತಿರುಗಿದರೆ ಮೊದಲು ಅದನ್ನು ಎಪಾಕ್ಸಿ ಹಾಕಿ ಸರಿಪಡಿಸಬೇಕು. ಮೌಂಟ್ ಬಿಚ್ಚುವಾಗ ಅಡಿಯಲ್ಲಿ, ಎತ್ತರ ಹೊಂದಿಸಲು ಇಟ್ಟ ಶಿಮ್ ಎಂಬ ತೆಳು ಪಟ್ಟಿಗಳು ಸಿಗಬಹುದು. ಯಾವ ಮೂಲೆಯಲ್ಲಿ ಯಾವುದು, ಎಷ್ಟು ದಪ್ಪ ಅಂತ ಬರೆದು ಕಟ್ಟಿಡಿ. ಹಿಂದೆ ಯಾರೋ ಎಂಜಿನ್ ಇಳಿಸಿ ಶಿಮ್ ಅದಲುಬದಲು ಮಾಡಿದ್ದೇ ಎಷ್ಟೋ ಯಂತ್ರಗಳ ತೊಂದರೆಗೆ ಮೂಲ.

ಮೊದಲ ಅಳತೆ: ಇದ್ದದ್ದು ಇದ್ದಂತೆ

ಏನನ್ನೂ ಸಡಿಲಿಸದೆ ಈಗಿನ ಸ್ಥಿತಿ ಬರೆದುಕೊಳ್ಳಿ. ಉಕ್ಕಿನ ಪಟ್ಟಿಯನ್ನು ಎರಡೂ ಕಪ್ಲರ್‌ಗಳ ಹೊರಮೈ ಮೇಲೆ ಉದ್ದಕ್ಕೆ ಇಡಿ. ಮೇಲೆ ಒಂದು ಸಲ, ಎಡ ಬಲ ಒಂದೊಂದು ಸಲ. ಪಟ್ಟಿ ಒಂದು ಕಪ್ಲರ್ ಮೇಲೆ ಕೂತು ಇನ್ನೊಂದರ ಮೇಲೆ ಎದ್ದಿದ್ದರೆ ಆ ಸಂದಿಗೆ ಫೀಲರ್ ಗೇಜ್ ತೂರಿಸಿ ಎಷ್ಟಿದೆ ಅಂತ ನೋಡಿ. ಎರಡು ಕಪ್ಲರ್‌ಗಳ ವ್ಯಾಸ ಒಂದೇ ಇದೆಯೇ ಅಂತ ಮೊದಲು ವರ್ನಿಯರ್‌ನಲ್ಲಿ ಖಚಿತ ಮಾಡಿಕೊಳ್ಳಿ. ವ್ಯಾಸದಲ್ಲಿ 0.4 ಮಿ.ಮೀ. ವ್ಯತ್ಯಾಸ ಇದ್ದರೆ ಸುತ್ತಲೂ 0.2 ಮಿ.ಮೀ. ಮೆಟ್ಟಿಲು ಇರುವುದು ಸಹಜ.

ಆಮೇಲೆ ಎರಡು ಕಪ್ಲರ್‌ಗಳ ಮುಖಗಳ ನಡುವಿನ ಗ್ಯಾಪ್ ಅಳೆಯಿರಿ. ಗಡಿಯಾರದ 12, 3, 6, 9ರ ಜಾಗದಲ್ಲಿ ಒಂದೊಂದು ಅಳತೆ. ಕೆಳಗಿನದು ಕಾಣುವುದಿಲ್ಲ, ಪಕ್ಕದಿಂದ ಕೈ ತೂರಿಸಬೇಕು. ಕಷ್ಟ ಅಂತ ಅದೊಂದನ್ನು ಬಿಡಬೇಡಿ. ಮೇಲಿನದಕ್ಕೆ ಹೋಲಿಸಬೇಕಾದ್ದೇ ಅದು.

ಈಗ ಬಹಳ ಉಪಯುಕ್ತವಾದ ಒಂದು ಪರೀಕ್ಷೆ. ಎರಡೂ ಕಪ್ಲರ್ ಮೇಲೆ ಒಂದೇ ನೇರಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. ಗುರುತು ಮೇಲಿದ್ದಾಗ ಅಳತೆ ತೆಗೆಯಿರಿ. ಎಂಜಿನ್ ಕೈಯಲ್ಲಿ ಅರ್ಧ ಸುತ್ತು ತಿರುಗಿಸಿ, ಗುರುತು ಕೆಳಗೆ ಬಂದಾಗ ಮತ್ತೆ ಅಳೆಯಿರಿ. ದೊಡ್ಡ ಗ್ಯಾಪ್ ಇದ್ದ ಜಾಗದಲ್ಲೇ ಉಳಿದರೆ ಎಂಜಿನ್ ಅಲೈನ್‌ಮೆಂಟ್ ತಪ್ಪಿದೆ. ಗುರುತಿನ ಜೊತೆ ಗ್ಯಾಪ್ ಕೂಡ ಸುತ್ತಿ ಹೋದರೆ ಕಪ್ಲರ್ ಅಥವಾ ಶಾಫ್ಟ್ ಬಾಗಿದೆ. ಬಾಗಿದ ಭಾಗವನ್ನು ಶಿಮ್ ಹಾಕಿ ಸರಿಪಡಿಸಲು ಸಾಧ್ಯವೇ ಇಲ್ಲ. ಈ ಪರೀಕ್ಷೆ ಮಾಡದೆ ಶಿಮ್ ಜೋಡಿಸಲು ಕೂತವರು ಸುಮ್ನೆ ದಿನ ಕಳೆಯುತ್ತಾರೆ.

ಶಾಫ್ಟ್ ಮತ್ತು ಹಳೆಯ ಸೀಲ್ ಏನು ಹೇಳುತ್ತವೆ

ಪಂಪ್ ಬಿಚ್ಚಿ, ಶಾಫ್ಟ್ ಹಿಂದಕ್ಕೆ ಎಳೆದು ತೆಗೆಯಿರಿ. ಹೌಸಿಂಗ್ ತೆಗೆಯಬೇಕಾದರೆ ಹೆಚ್ಚಿನ ಯಂತ್ರಗಳಲ್ಲಿ ಎಂಜಿನ್ ಮುಂದಕ್ಕೆ ಸರಿಸಬೇಕಾಗುತ್ತದೆ. ಕಪ್ಲರ್ ಬಿಚ್ಚಲು ಅದಕ್ಕೆಂದೇ ಇರುವ ಟೂಲ್ ಬಳಸಿ. ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದರೆ ಅಲ್ಯೂಮಿನಿಯಂ ಕಪ್ಲರ್ ಸೀಳುತ್ತದೆ, ಒಳಗಿನ ಬೇರಿಂಗ್‌ಗೂ ಪೆಟ್ಟು.

ಹಳೆಯ ಸೀಲ್ ಕಿತ್ತು ಎಸೆಯುವ ಮೊದಲು ಲಿಪ್ ಅನ್ನು ಬೆಳಕಿಗೆ ಹಿಡಿದು ನೋಡಿ. ಅದರಲ್ಲಿ ತುಂಬಾ ಮಾಹಿತಿ ಇದೆ. ಸೀಲ್ ನಿಂತಲ್ಲೇ ಇರುತ್ತದೆ, ಶಾಫ್ಟ್ ತಿರುಗುತ್ತದೆ. ಇದನ್ನು ನೆನಪಿಟ್ಟುಕೊಂಡು ನೋಡಿದರೆ ಅರ್ಥವಾಗುತ್ತದೆ. ಲಿಪ್ ಒಂದು ಕಡೆ ಅಗಲವಾಗಿ ಸವೆದು ಎದುರು ಕಡೆ ಹೊಸದರಂತೆ ಇದ್ದರೆ ಶಾಫ್ಟ್ ಹೌಸಿಂಗ್‌ನ ನಡುವೆ ಇರದೆ ಒಂದು ಕಡೆಗೆ ಒತ್ತಿಕೊಂಡಿದೆ. ಅಂದರೆ ಅಲೈನ್‌ಮೆಂಟ್ ತಪ್ಪು. ಲಿಪ್ ಸುತ್ತಲೂ ಒಂದೇ ಸಮ ಅಗಲವಾಗಿ ಸವೆದಿದ್ದರೆ ಶಾಫ್ಟ್ ಬಾಗಿರಬಹುದು, ಅಥವಾ ಬೇರಿಂಗ್ ಸಡಿಲವಾಗಿ ಶಾಫ್ಟ್ ಓಲಾಡುತ್ತಿರಬಹುದು. ಲಿಪ್ ಗಟ್ಟಿಯಾಗಿ, ಮಡಚಿದರೆ ಬಿರುಕು ಬಿಟ್ಟರೆ ಗ್ರೀಸ್ ಇಲ್ಲದೆ ಕಾದಿದೆ.

ಶಾಫ್ಟ್‌ನಲ್ಲಿ ಲಿಪ್ ಕೂರುವ ಜಾಗವನ್ನು ಒರೆಸಿ, ಉಗುರನ್ನು ಉದ್ದಕ್ಕೆ ಎಳೆಯಿರಿ. ಉಗುರು ಗೀರಿಗೆ ಸಿಕ್ಕಿಕೊಂಡರೆ ಹೊಸ ಸೀಲ್ ಅಲ್ಲಿ ನೀರು ಹಿಡಿಯುವುದಿಲ್ಲ. ಆಗ ಮೂರು ದಾರಿ. ಹೌಸಿಂಗ್‌ನಲ್ಲಿ ಜಾಗ ಇದ್ದರೆ ಸೀಲ್ ಅನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ ಲಿಪ್ ಹೊಸ ಜಾಗದಲ್ಲಿ ಮುಟ್ಟುವಂತೆ ಮಾಡಬಹುದು. ಎಸ್‌ಕೆಎಫ್ ಕಂಪನಿಯ ಸ್ಪೀಡಿ-ಸ್ಲೀವ್‌ನಂಥ ತೆಳು ಸ್ಟೀಲ್ ತೋಳನ್ನು ಶಾಫ್ಟ್ ಮೇಲೆ ಹತ್ತಿಸಬಹುದು. ಅದರ ಗೋಡೆ ಸುಮಾರು 0.28 ಮಿ.ಮೀ. ಮಾತ್ರ ದಪ್ಪ, ಹಾಗಾಗಿ ಅದೇ ಸೈಜಿನ ಸೀಲ್ ಸಾಕು. ಗೀರು ಆಳವಾಗಿದ್ದು ಸ್ಪ್ಲೈನ್ ಕೂಡ ಸವೆದಿದ್ದರೆ ಶಾಫ್ಟ್ ಬದಲಿಸುವುದೇ ಒಳ್ಳೆಯದು. ಮರಳು ಕಲಕಿದ ಆಳವಿಲ್ಲದ ನೀರಿನಲ್ಲಿ ಓಡಿದ ಯಂತ್ರಗಳ ಶಾಫ್ಟ್ ಹೀಗೆ ಬೇಗ ಸವೆಯುತ್ತದೆ.

ಶಾಫ್ಟ್ ನೇರ ಇದೆಯೇ ಎಂದು ನೋಡಲು ಎರಡು ವಿ-ಬ್ಲಾಕ್ ಮೇಲಿಟ್ಟು ನಿಧಾನವಾಗಿ ತಿರುಗಿಸುತ್ತಾ ಡಯಲ್ ಗೇಜ್ ಹಿಡಿಯಿರಿ. ನಡುವೆ, ಸೀಲ್ ಕೂರುವ ಜಾಗದಲ್ಲಿ, ಎರಡೂ ತುದಿಗಳಲ್ಲಿ. ಗೇಜ್ ಇಲ್ಲದಿದ್ದರೆ ದಪ್ಪ ಗಾಜಿನ ಹಲಗೆ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಬಂದು ಹೋಗುತ್ತದೆಯೇ ನೋಡಿ. ಶಾಫ್ಟ್ ಉದ್ದಕ್ಕೂ ಒಂದೇ ದಪ್ಪ ಇದ್ದರೆ ಮಾತ್ರ ಈ ವಿಧಾನ ನಡೆಯುತ್ತದೆ.

ಹೊಸ ಸೀಲ್ ಸರಿಯಾಗಿ ಹೊಂದುತ್ತದೆಯೇ?

ಸೀಲ್ ಮೇಲೆ ಮೂರು ಸಂಖ್ಯೆ ಇರುತ್ತವೆ. ಉದಾಹರಣೆಗೆ 25-40-7 ಅಂದರೆ ಶಾಫ್ಟ್ 25, ಹೊರ ವ್ಯಾಸ 40, ದಪ್ಪ 7 ಮಿಲಿಮೀಟರ್. ಜೊತೆಗೆ ಟಿಸಿ ಎಂದು ಇದ್ದರೆ ಸ್ಪ್ರಿಂಗ್ ಇರುವ ಮುಖ್ಯ ಲಿಪ್ ಜೊತೆಗೆ ಧೂಳು ತಡೆಯುವ ಇನ್ನೊಂದು ಲಿಪ್ ಇದೆ ಎಂದರ್ಥ. ಎಸ್‌ಸಿ ಎಂದರೆ ಒಂದೇ ಲಿಪ್. ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆಯ ಸೀಲ್ ಕಡಿಮೆ ಬೆಲೆಗೆ ಸಿಗುತ್ತದೆ. ಅಳತೆ ಒಂದೇ ಎಂದು ತೆಗೆದುಕೊಳ್ಳುವ ಮೊದಲು ಸ್ಪ್ರಿಂಗ್ ನೋಡಿ. ಉಪ್ಪುನೀರಿಗೆ ಸ್ಟೇನ್‌ಲೆಸ್ ಸ್ಪ್ರಿಂಗ್ ಬೇಕು. ಸಾಧಾರಣ ಉಕ್ಕಿನದು ತುಕ್ಕು ಹಿಡಿದು ತುಂಡಾದರೆ ಲಿಪ್ ಸಡಿಲವಾಗುತ್ತದೆ.

ಹಾಕುವ ಮೊದಲು ಕೈಯಲ್ಲೇ ಹೊಂದಿಸಿ ನೋಡಿ. ಶಾಫ್ಟ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ ಸೀಲ್ ತೂರಿಸಿ. ಸುತ್ತಲೂ ಒಂದೇ ಸಮ ಹಿಡಿತ ಇರಬೇಕು. ಹಿಂದಿನಿಂದ ಟಾರ್ಚ್ ಹಿಡಿದರೆ ಎಲ್ಲೂ ಬೆಳಕು ಕಾಣಬಾರದು. ಹೊರ ವ್ಯಾಸ ಹೌಸಿಂಗ್ ರಂಧ್ರಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು. ಬೆರಳಿನಲ್ಲಿ ಒತ್ತಿದರೆ ಸಲೀಸಾಗಿ ಒಳಗೆ ಹೋದರೆ ರಂಧ್ರ ಸವೆದಿದೆ, ಅಥವಾ ಸೀಲ್ ತಪ್ಪು.

ಕೂರಿಸುವ ಕ್ರಮ:

1. ಹಳೆಯ ಸೀಲ್ ಯಾವ ಮುಖ ಯಾವ ಕಡೆ ಇತ್ತು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ನೀರನ್ನು ತಡೆಯುವ ಸೀಲ್‌ನ ಸ್ಪ್ರಿಂಗ್ ಪಂಪಿನ ಕಡೆಗೆ ಇರುತ್ತದೆ.
2. ಬೇರಿಂಗ್ ಬದಲಿಸಿ. ಹೊಸ ಸೀಲ್ ಹಾಕಿ ಹಳೆಯ ಬೇರಿಂಗ್ ಉಳಿಸುವುದು ಉಳಿತಾಯವಲ್ಲ. ಹೌಸಿಂಗ್‌ಗೆ ಕೂರಿಸುವಾಗ ಹೊರಗಿನ ರಿಂಗ್ ಮೇಲೆ ಒತ್ತಿ, ಶಾಫ್ಟ್‌ಗೆ ಹತ್ತಿಸುವಾಗ ಒಳಗಿನ ರಿಂಗ್ ಮೇಲೆ.
3. ರಂಧ್ರದ ಅಂಚಿನಲ್ಲಿ ಮುಳ್ಳಿನಂಥ ಚೂಪು ಇದ್ದರೆ ನುಣುಪು ಸ್ಯಾಂಡ್‌ಪೇಪರ್‌ನಿಂದ ತೆಗೆಯಿರಿ.
4. ಸೀಲ್‌ನ ಹೊರ ವ್ಯಾಸಕ್ಕೆ ಹತ್ತಿರವಿರುವ ಸಾಕೆಟ್ ಇಟ್ಟು ನೇರವಾಗಿ ಒತ್ತಿ. ಕೂತ ಮೇಲೆ ನಾಲ್ಕು ಜಾಗದಲ್ಲಿ ಅದರ ಆಳ ಅಳೆಯಿರಿ. ನಾಲ್ಕೂ ಒಂದೇ ಇರಬೇಕು.
5. ಎರಡು ಲಿಪ್‌ಗಳ ನಡುವೆ ನೀರಿಗೆ ಕರಗದ ಮರೀನ್ ಗ್ರೀಸ್ ತುಂಬಿ.
6. ಶಾಫ್ಟ್‌ನ ಸ್ಪ್ಲೈನ್ ಮೇಲೆ ಟೇಪ್ ಸುತ್ತಿ ಆಮೇಲೆ ತೂರಿಸಿ. ಇಲ್ಲದಿದ್ದರೆ ಸ್ಪ್ಲೈನ್‌ನ ಹಲ್ಲು ಹೊಸ ಲಿಪ್ಪನ್ನು ಅಲ್ಲೇ ಕೊಯ್ಯುತ್ತದೆ.

ಗ್ರೀಸ್ ಗನ್ ಬಳಸುವಾಗ ಮೆಲ್ಲಗೆ. ಹೌಸಿಂಗ್ ತುಂಬಿದ ಮೇಲೂ ಜೋರಾಗಿ ಒತ್ತಿದರೆ ಆ ಒತ್ತಡಕ್ಕೆ ಲಿಪ್ ಮಗುಚಿಕೊಳ್ಳುತ್ತದೆ.

ಹೌಸಿಂಗ್ ಕೂರಿಸುವುದು

ಹೌಸಿಂಗ್ ಅನ್ನು ಬಲ್ಕ್‌ಹೆಡ್‌ಗೆ ಇಟ್ಟು ಬೋಲ್ಟ್‌ಗಳನ್ನು ಕೈಯಲ್ಲಿ ಮಾತ್ರ ಬಿಗಿ ಮಾಡಿ. ಶಾಫ್ಟ್ ತೂರಿಸಿ, ಪಂಪ್ ಕೂರಿಸಿ, ಪಂಪಿನ ಬೋಲ್ಟ್‌ಗಳನ್ನು ಪೂರ್ತಿ ಟಾರ್ಕ್‌ಗೆ ಬಿಗಿಯಿರಿ. ಈಗ ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಹೌಸಿಂಗ್ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ, ಎದುರು ಬದುರು ಬಿಗಿ ಮಾಡುತ್ತಾ ಬನ್ನಿ. ಹೌಸಿಂಗ್ ಶಾಫ್ಟಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಯಾವುದೋ ಬೋಲ್ಟ್ ಬಿಗಿದ ತಕ್ಷಣ ಶಾಫ್ಟ್ ಭಾರವಾದರೆ ನಿಲ್ಲಿಸಿ, ಸಡಿಲಿಸಿ, ಮತ್ತೆ ಶುರು ಮಾಡಿ.

ಇದೇ ಹೊತ್ತಿಗೆ ಇಂಪೆಲ್ಲರ್ ರೆಕ್ಕೆ ಮತ್ತು ಪಂಪ್ ಗೋಡೆಯ ನಡುವಿನ ಸಂದಿಯನ್ನೂ ಅಳೆಯಿರಿ. ಸಾಮಾನ್ಯವಾಗಿ 0.3 ಮಿ.ಮೀ. ಆಸುಪಾಸು ಇರಬೇಕು. 0.6 ದಾಟಿದರೆ ಪಂಪ್ ಎಳೆತ ಕಡಿಮೆ. ಸಂದಿ ಒಂದು ಕಡೆ ದೊಡ್ಡದು, ಎದುರು ಕಡೆ ಚಿಕ್ಕದು ಇದ್ದರೆ ಪಂಪಿನ ಬೇರಿಂಗ್ ನೋಡಬೇಕು.

ಎಂಜಿನ್ ಅಲೈನ್‌ಮೆಂಟ್: ಮೊದಲು ಓರೆ, ಆಮೇಲೆ ಎತ್ತರ

ಎಂಜಿನ್ ಎರಡು ಥರ ತಪ್ಪಬಹುದು. ಓರೆಯಾಗಿರಬಹುದು, ಅದು ಕಪ್ಲರ್ ಮುಖಗಳ ಗ್ಯಾಪ್‌ನಲ್ಲಿ ಕಾಣುತ್ತದೆ. ಮೇಲೆ ಕೆಳಗೆ ಅಥವಾ ಪಕ್ಕಕ್ಕೆ ಸರಿದಿರಬಹುದು, ಅದು ಉಕ್ಕಿನ ಪಟ್ಟಿ ಇಟ್ಟಾಗ ಕಾಣುತ್ತದೆ. ಸಾಮಾನ್ಯವಾಗಿ ಎರಡೂ ಒಟ್ಟಿಗೇ ಇರುತ್ತವೆ. ಯಾವಾಗಲೂ ಓರೆಯನ್ನು ಮೊದಲು ಸರಿಪಡಿಸಿ. ಎತ್ತರ ಮೊದಲು ಸರಿ ಮಾಡಿದರೆ ಓರೆ ತಿದ್ದುವಾಗ ಅದು ಮತ್ತೆ ತಪ್ಪುತ್ತದೆ.

ಒಂದು ಲೆಕ್ಕ ನೋಡೋಣ. ಕಪ್ಲರ್ ವ್ಯಾಸ 80 ಮಿ.ಮೀ. ಮೇಲಿನ ಗ್ಯಾಪ್ ಕೆಳಗಿನದಕ್ಕಿಂತ 0.4 ಮಿ.ಮೀ. ಜಾಸ್ತಿ. ಮುಂದಿನ ಮತ್ತು ಹಿಂದಿನ ಮೌಂಟ್‌ಗಳ ನಡುವೆ 300 ಮಿ.ಮೀ. ಎಂದಿಟ್ಟುಕೊಳ್ಳಿ. ಮೇಲೆ ಗ್ಯಾಪ್ ಜಾಸ್ತಿ ಎಂದರೆ ಶಾಫ್ಟ್ ಗೆರೆಗೆ ಹೋಲಿಸಿದರೆ ಎಂಜಿನ್‌ನ ಮುಂಭಾಗ ತಗ್ಗಿದೆ. ಎಷ್ಟು ಎತ್ತಬೇಕು? 300ನ್ನು 80ರಿಂದ ಭಾಗಿಸಿ 0.4ರಿಂದ ಗುಣಿಸಿ. ಉತ್ತರ 1.5. ಮುಂದಿನ ಎರಡೂ ಮೌಂಟ್ ಅಡಿಗೆ 1.5 ಮಿ.ಮೀ. ಶಿಮ್ ಬೇಕು. ಕೆಳಗಿನ ಗ್ಯಾಪ್ ಜಾಸ್ತಿ ಇದ್ದರೆ ಇದಕ್ಕೆ ತಿರುಗುಮುರುಗು: ಹಿಂದಿನ ಮೌಂಟ್ ಎತ್ತಬೇಕು, ಅಥವಾ ಮುಂದಿನ ಶಿಮ್ ತೆಗೆಯಬೇಕು.

ಈಗ ಗಮನಿಸಿ. ಮುಂಭಾಗ ಎತ್ತಿದಾಗ ಎಂಜಿನ್ ಹಿಂದಿನ ಮೌಂಟ್ ಮೇಲೆ ತೂಗುತ್ತದೆ, ಕಪ್ಲರ್ ಕೆಳಗೆ ಇಳಿಯುತ್ತದೆ. ಹಿಂದಿನ ಮೌಂಟ್‌ನಿಂದ ಕಪ್ಲರ್ 100 ಮಿ.ಮೀ. ಹಿಂದಿದ್ದರೆ ಅದು 0.5 ಮಿ.ಮೀ. ಇಳಿಯುತ್ತದೆ. ಮೊದಲೇ ಕಪ್ಲರ್ 0.5 ಮೇಲಿದ್ದರೆ ಕೆಲಸ ಮುಗಿಯಿತು. ಮೊದಲು ಎರಡೂ ಕಪ್ಲರ್ ಸಮ ಎತ್ತರದಲ್ಲಿದ್ದರೆ ನಾಲ್ಕೂ ಮೌಂಟ್ ಅಡಿಗೆ ಆ 0.5 ಸೇರಿಸಬೇಕು. ಈ ಲೆಕ್ಕವನ್ನು ಹಾಳೆ ಮೇಲೆ ಮೊದಲೇ ಮಾಡಿಕೊಂಡರೆ ಎಂಜಿನ್ ಹತ್ತಾರು ಸಲ ಎತ್ತಿ ಇಳಿಸುವುದು ತಪ್ಪುತ್ತದೆ.

ಪಕ್ಕದ ಅಲೈನ್‌ಮೆಂಟ್‌ಗೆ ಶಿಮ್ ಬೇಡ. ಮೌಂಟ್ ಬೋಲ್ಟ್ ರಂಧ್ರದಲ್ಲಿ ಸ್ವಲ್ಪ ಸಡಿಲು ಇರುತ್ತದೆ. ಬೋಲ್ಟ್ ಸಡಿಲಿಸಿ, ಮರದ ಗೂಟ ಕೊಟ್ಟು ಎಂಜಿನ್ ಮೆಲ್ಲಗೆ ಸರಿಸಿ. 3 ಮತ್ತು 9ರ ಗ್ಯಾಪ್ ಸಮ ಆಗಬೇಕು, ಪಟ್ಟಿ ಎರಡೂ ಪಕ್ಕದಲ್ಲಿ ಸಮವಾಗಿ ಕೂರಬೇಕು.

ಶಿಮ್ ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ ಹಾಳೆಯದ್ದಿರಲಿ, ಮೌಂಟ್ ಬುಡದಷ್ಟು ಅಗಲವಿರಲಿ. ತಗಡಿನ ಡಬ್ಬ ಕತ್ತರಿಸಿ ಹಾಕಬೇಡಿ, ಉಪ್ಪುನೀರಿಗೆ ಅದು ಬೇಗ ಕರಗುತ್ತದೆ. ಬೋಲ್ಟ್‌ಗೆ ನೀಲಿ ಥ್ರೆಡ್ ಲಾಕ್ ಹಾಕಿ ಅಡ್ಡಡ್ಡವಾಗಿ ಬಿಗಿಯಿರಿ. ಪೂರ್ತಿ ಟಾರ್ಕ್ ಆದ ಮೇಲೆ ಎಲ್ಲ ಅಳತೆ ಮತ್ತೆ ತೆಗೆಯಿರಿ. ಬಿಗಿಯುವಾಗ ಎಂಜಿನ್ ಸರಿಯುವುದು ತುಂಬಾ ಸಾಮಾನ್ಯ.

ಎಷ್ಟು ನಿಖರ ಬೇಕು? ಮ್ಯಾನ್ಯುಯಲ್ ಹೇಳಿದ ಮಿತಿಯೇ ಕೊನೆಯ ಮಾತು. ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರುವ ಎಂಜಿನ್ ಅನ್ನು ನಾನಂತೂ ಹಾಗೇ ಬಿಡುವುದಿಲ್ಲ. 0.2ರ ಒಳಗೆ ತರುವುದು ಮನೆಯಲ್ಲೇ ಸಾಧ್ಯ. ಸವೆದ ಡ್ಯಾಂಪರ್ ಇದ್ದರೆ ಈಗಲೇ ಹೊಸದು ಹಾಕಿ.

ಸೀ-ಡೂ ಆಗಿದ್ದರೆ

1990ರ ದಶಕದ ಹಲವು ಸೀ-ಡೂಗಳಲ್ಲಿ ಲಿಪ್ ಸೀಲ್ ಬದಲು ಕಾರ್ಬನ್ ರಿಂಗ್ ಇದೆ. ರಬ್ಬರ್ ಬೂಟ್ ಹಿಡಿದ ಕಾರ್ಬನ್ ರಿಂಗ್ ನಿಂತಿರುತ್ತದೆ, ಶಾಫ್ಟ್ ಮೇಲಿನ ಸ್ಟೇನ್‌ಲೆಸ್ ರಿಂಗ್ ಅದಕ್ಕೆ ಒರಗಿ ತಿರುಗುತ್ತದೆ. ಬೂಟ್ ಸ್ಪ್ರಿಂಗ್‌ನಂತೆ ಒತ್ತುತ್ತಿರಬೇಕು. ಬೂಟ್ ಹಿಂದಕ್ಕೆ ತಳ್ಳಿದಾಗ ಗಟ್ಟಿಯಾಗಿ ಎದುರಿಸಬೇಕು. ಸಡಿಲವಾಗಿದ್ದರೆ, ಕಾರ್ಬನ್ ಮುಖದಲ್ಲಿ ಗೀರು, ಚಕ್ಕೆ ಇದ್ದರೆ ಬದಲಿಸಿ. ಸ್ಟೇನ್‌ಲೆಸ್ ರಿಂಗ್ ಒಳಗಿನ ಓ-ರಿಂಗ್‌ಗಳನ್ನೂ ಹೊಸದು ಹಾಕಿ.

ಕಾರ್ಬನ್ ರಿಂಗ್‌ಗೆ ತಂಪು ಸಿಗುವುದು ಹೊರಗಿನ ನೀರಿನಿಂದ. ನೆಲದ ಮೇಲೆ ಹೋಸ್ ಹಾಕಿದರೆ ಎಂಜಿನ್ ತಂಪಾಗಿರುತ್ತದೆ, ರಿಂಗ್ ಒಣಗೇ ಇರುತ್ತದೆ. ಒಂದೆರಡು ನಿಮಿಷಕ್ಕಿಂತ ಜಾಸ್ತಿ ಓಡಿಸಿದರೆ ಸುಡುತ್ತದೆ. ಇಲ್ಲಿ ಅಲೈನ್‌ಮೆಂಟ್ ಪಟ್ಟಿಯಿಂದ ಅಳೆಯುವುದಲ್ಲ. ಪಂಪ್ ಕೂರುವ ಜಾಗಕ್ಕೆ ಒಂದು ಪ್ಲೇಟ್ ಬಿಗಿದು, ಅದರ ಮೂಲಕ ಅಲೈನ್‌ಮೆಂಟ್ ಶಾಫ್ಟ್ ತೂರಿಸಬೇಕು. ಅದು ಎಂಜಿನ್ ಕಡೆಯ ಫ್ಲೈವೀಲ್ ಒಳಗೆ ಯಾವ ಬಲವೂ ಬೇಡದೆ ಜಾರಿ ಕೂತರೆ ಸರಿ. ಈ ಟೂಲ್ ಇರುವ ಮೆಕ್ಯಾನಿಕ್ ಹತ್ತಿರ ಬಾಡಿಗೆಗೆ ಕೇಳಿ. ಅಂದಾಜಿನಲ್ಲಿ ಮಾಡುವ ಕೆಲಸ ಇದಲ್ಲ.

ನೀರಿನಲ್ಲಿ ಪರೀಕ್ಷೆ

ಮೊದಲು ಕಪ್ಲರ್ ಕವರ್ ಹಾಕಿ. ತಿರುಗುವ ಕಪ್ಲರ್ ಹತ್ತಿರ ಕೈ, ಟವಲ್, ಉದ್ದ ತೋಳಿನ ಅಂಗಿ ಹೋಗಬಾರದು. ನೆಲದ ಮೇಲೆ ಹೋಸ್ ಹಾಕಿ ಚಾಲೂ ಮಾಡುವುದಾದರೆ ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ತಿರುಗುಮುರುಗಾದರೆ ನೀರು ಎಕ್ಸಾಸ್ಟ್ ಮೂಲಕ ಸಿಲಿಂಡರ್ ಸೇರಬಹುದು.

ಆಮೇಲೆ ಟ್ರೇಲರ್ ಮೇಲೆಯೇ ಕಟ್ಟಿ ನೀರಿಗೆ ಇಳಿಸಿ. ಪಂಪಿನ ಬಾಯಿಗೆ ಮರಳು ಎಳೆಯದಷ್ಟು ಆಳ ಇರಲಿ, ಯಂತ್ರದ ಹಿಂದೆ ಯಾರೂ ನಿಲ್ಲಬಾರದು. ಐದು ನಿಮಿಷ ನಿಂತಲ್ಲೇ ಬಿಟ್ಟು ಹೌಸಿಂಗ್ ಒಣಗಿದೆಯೇ ನೋಡಿ. ಚಾಲೂ ಮಾಡಿ, ಆರ್‌ಪಿಎಂ ನಿಧಾನವಾಗಿ ಏರಿಸಿ. ಯಾವುದೋ ಒಂದು ವೇಗದಲ್ಲಿ ಮಾತ್ರ ನಡುಕ ಬಂದರೆ ಮೌಂಟ್ ಮತ್ತು ಡ್ಯಾಂಪರ್ ಮತ್ತೆ ನೋಡಿ. ವೇಗದ ಜೊತೆ ನಡುಕವೂ ಏರುತ್ತಾ ಹೋದರೆ ಇಂಪೆಲ್ಲರ್ ಅಥವಾ ಶಾಫ್ಟ್ ಕಡೆ ಗಮನ ಕೊಡಿ. ಎಂಜಿನ್ ನಿಲ್ಲಿಸಿದ ಮೇಲೆ ಹೌಸಿಂಗ್ ಮುಟ್ಟಿ ನೋಡಿ. ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಬಿಸಿ ಇರಬಾರದು.

ಹೊಸ ಮೌಂಟ್ ಹಾಕಿದ್ದರೆ ರಬ್ಬರ್ ಸ್ವಲ್ಪ ತಗ್ಗಿ ಕೂರುತ್ತದೆ. ಹಾಗಾಗಿ ಮೊದಲ ಕೆಲವು ಗಂಟೆ ಓಡಿಸಿದ ಮೇಲೆ ಕಪ್ಲರ್ ಗ್ಯಾಪ್ ಇನ್ನೊಮ್ಮೆ ಅಳೆದು, ಮೌಂಟ್ ಬೋಲ್ಟ್‌ಗಳ ಟಾರ್ಕ್ ನೋಡಿ. ಆ ಅಳತೆಗಳನ್ನು ದಿನಾಂಕ ಸಮೇತ ಬರೆದು, ಯಾವ ಮೂಲೆಗೆ ಎಷ್ಟು ಶಿಮ್ ಹಾಕಿದ್ದೀರಿ ಎಂಬುದನ್ನೂ ಸೇರಿಸಿ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಮ್ಯಾನ್ಯುಯಲ್ ಜೊತೆ ಇಡಿ. ಮುಂದಿನ ಸಲ ಎಂಜಿನ್ ಇಳಿಸುವವರಿಗೆ ಆ ಹಾಳೆ ಬೇಕಾಗುತ್ತದೆ.